ಹೆಪ್ಪಿಗೆ ಮೊದಲು ಹಾಲು

ಪ್ರಶ್ನೆ

ನನಗೆ 36 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ವಾರದಲ್ಲಿ ಮೂರು ದಿನ ಮನೆಯಿಂದಲೇ. ತವರು ಅರಸೀಕೆರೆ ಕಡೆ. ಅಪ್ಪನಿಗೆ 68. ಒಟ್ಟು ನಾಲ್ಕು ಎಕರೆ ಕೆಂಪು ಭೂಮಿ, ಎರಡು ಎಕರೆ ತೆಂಗು, ಎರಡು ಎಕರೆ ಖುಷ್ಕಿ ಹೊಲ. ಹೊಲದಲ್ಲಿ ಪ್ರತಿವರ್ಷ ರಾಗಿ.

ಎರಡು ವರ್ಷದಿಂದ ನನಗೆ ರೀಜನರೇಟಿವ್ ಫಾರ್ಮಿಂಗ್ ಹುಚ್ಚು. ವಿಡಿಯೋ ನೋಡಿದೆ, ಪುಸ್ತಕ ಓದಿದೆ, ಮೂರು ದಿನದ ಶಿಬಿರಕ್ಕೂ ಹೋಗಿಬಂದೆ. ಮಣ್ಣಿನ ಜೊತೆ ಮತ್ತೆ ಕನೆಕ್ಟ್ ಆಗಬೇಕು ಅನ್ನೋದು ಒಂದೇ ಆಸೆ. ಹೋದ ಮುಂಗಾರಿನಲ್ಲಿ ಅಪ್ಪನ ಹತ್ತಿರ ಜಗಳ ಆಡಿ ಎರಡೂ ಎಕರೆ ರಾಗಿಗೆ ಯೂರಿಯಾ, ಡಿಎಪಿ ನಿಲ್ಲಿಸಿದೆ. ಬದಲಿಗೆ ಎರಡು ಟ್ರ್ಯಾಕ್ಟರ್ ಲೋಡು ತೆಂಗಿನ ನಾರಿನ ಪುಡಿ ಹರಡಿ ಉಳುಮೆ ಮಾಡಿಸಿದೆ. ಜೀವಾಮೃತ ನಾಲ್ಕು ಸಲ ಕೊಟ್ಟೆ. ತಿಂಗಳಿಗೆಲ್ಲ ಪೈರು ಹಳದಿ ತಿರುಗಿತು. ಎಕರೆಗೆ ಒಂಬತ್ತು ಕ್ವಿಂಟಾಲ್ ಬರುತ್ತಿದ್ದ ಹೊಲದಲ್ಲಿ ನಾಲ್ಕು ಬಂತು. ಊರಿನವರು ನಕ್ಕರು. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. "ನಿನ್ನ ಓದಿಸಿದ್ದು ತಿಪ್ಪೆ ಕೆದಕೋಕಲ್ಲ ಕಣಮ್ಮ" ಅಂದರು, ಅಷ್ಟೆ. ಆಮೇಲೆ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳಿ ಅಮ್ಮನಿಗೆ ಕೊಟ್ಟುಬಿಡುತ್ತಾರೆ. ಅಮ್ಮ ಏನೂ ಹೇಳುವುದಿಲ್ಲ.

ತಮ್ಮ ಮಾರಿಬಿಡೋಣ ಅನ್ನುತ್ತಾನೆ. "ನಿನ್ನ ಹವ್ಯಾಸಕ್ಕೆ ಅವರ ಅನ್ನಕ್ಕೆ ಮಣ್ಣು ಹಾಕಿದೆ" ಅಂತ ಗಂಡ. ನನಗೋ ಕೆಲಸ ಬಿಟ್ಟು ಊರಿಗೇ ಹೋಗಿ ಸರಿಯಾಗಿ ಮಾಡಿ ತೋರಿಸಬೇಕು ಅನ್ನಿಸುತ್ತಿದೆ. ಹೋಗಲಾ? ಅಥವಾ ನಾನು ನಂಬಿದ್ದೇ ಸುಳ್ಳಾ?

ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ

ನಿಮ್ಮ ಪತ್ರದಲ್ಲಿ ಗಂಟಲು ಕಟ್ಟುವ ಸಾಲುಗಳು ಹಲವು ಇವೆ. ಆದರೆ ನನ್ನ ಕಣ್ಣು ನಿಂತಿದ್ದು ನಾರಿನ ಪುಡಿಯ ಮೇಲೆ.

ಮನಸ್ಸಿನ ಅಂಕಣದಲ್ಲಿ ಇವಳೇನು ಗೊಬ್ಬರದ ಮಾತು ಆಡುತ್ತಾಳೆ ಅಂದುಕೊಳ್ಳಬೇಡಿ. ನಾನು ಚಿಕ್ಕನಾಯಕನಹಳ್ಳಿ ಸೀಮೆಯ ರಾಗಿ ಹೊಲದ ಬದುವಿನ ಮೇಲೆ ಬೆಳೆದವಳು. ಹಳದಿ ಪೈರು ಕಂಡರೆ ಈಗಲೂ ಬಸ್ಸಿನ ಕಿಟಕಿಯಿಂದ ಕತ್ತು ಹೊರಳಿಸುತ್ತೇನೆ. ನಿಮ್ಮ ನೋವಿನಲ್ಲಿ ಅರ್ಧ ಪಾಲು ಒಂದು ಲೆಕ್ಕದ ತಪ್ಪಿನಿಂದ ಬಂದದ್ದು. ಆ ಅರ್ಧವನ್ನು ಮೊದಲು ಇಳಿಸಿಬಿಡೋಣ, ಉಳಿದದ್ದನ್ನು ನೋಡೋಕೆ ಆಮೇಲೆ ಸಲೀಸು.

ನಾರಿನ ಪುಡಿಯಲ್ಲಿ ನೂರು ಪಾಲು ಇಂಗಾಲಕ್ಕೆ ಸಾರಜನಕ ಸರಿಸುಮಾರು ಒಂದು ಪಾಲು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹೊಟ್ಟೆ ತುಂಬ ಇಂಗಾಲ ಸಿಕ್ಕಿತು, ಮೈ ಕಟ್ಟಿಕೊಳ್ಳಲು ಸಾರಜನಕ ಸಿಗಲಿಲ್ಲ. ಆಗ ಅವು ಮಣ್ಣಿನಲ್ಲಿದ್ದ ಅಷ್ಟಿಷ್ಟನ್ನೂ ಎಳೆದುಕೊಂಡವು. ರಾಗಿ ಪೈರು ಪಂಕ್ತಿಯಲ್ಲಿ ಕೊನೆಗೆ ಕೂತ ಮಗುವಿನ ಹಾಗೆ ಖಾಲಿ ಎಲೆ ನೋಡುತ್ತಾ ಕೂತಿತು. ಇದರಲ್ಲಿ ಸಾವಯವದ ಸೋಲೂ ಇಲ್ಲ, ಯೂರಿಯಾದ ಗೆಲುವೂ ಇಲ್ಲ. ಆರೇಳು ತಿಂಗಳು ಸಗಣಿ ಬಗ್ಗಡದ ಜೊತೆ ಕೊಳೆಯಬೇಕಾದ್ದನ್ನು ನೀವು ಹಸಿಯಾಗಿ ಮಣ್ಣಿಗೆ ಸೇರಿಸಿದಿರಿ. ಸಮಾಧಾನದ ಮಾತೂ ಒಂದಿದೆ. ಆ ಸಾರಜನಕ ಎಲ್ಲೂ ಹೋಗಿಲ್ಲ, ಜೀವಿಗಳ ಮೈಯಲ್ಲಿದೆ. ಅವು ಸತ್ತು ಕರಗಿದ ಹಾಗೆ ನಿಧಾನವಾಗಿ ವಾಪಸ್ ಬರುತ್ತದೆ. ಪುಡಿಯೂ ಇನ್ನು ಕೆಲವು ವರ್ಷ ಅಲ್ಲೇ ಇದ್ದು ತೇವ ಹಿಡಿಯುತ್ತದೆ.

ಜೀವಾಮೃತ ಯಾಕೆ ಕೈಹಿಡಿಯಲಿಲ್ಲ? ಎಕರೆಗೆ 200 ಲೀಟರ್ ಡ್ರಮ್ಮಿಗೆ ನೀವು ಹಾಕಿರುವುದು 10 ಕೆ.ಜಿ. ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ತಲಾ ಎರಡು ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಇದರಲ್ಲಿರುವ ಸಾರಜನಕ ಧಾರಾಳವಾಗಿ ಲೆಕ್ಕ ಹಾಕಿದರೂ ಕಾಲು ಕೆ.ಜಿ. ಆಸುಪಾಸು. ನಾಲ್ಕು ಸಲಕ್ಕೆ ಒಂದು ಕೆ.ಜಿ. ಖುಷ್ಕಿ ರಾಗಿಗೆ ಎಕರೆಗೆ ಬೇಕಾದ್ದು ಸುಮಾರು 20 ಕೆ.ಜಿ. ನಿಮ್ಮ ಅಪ್ಪ ಸೊಸೈಟಿಯಿಂದ ತರುವ 45 ಕೆ.ಜಿ.ಯ ಒಂದು ಯೂರಿಯಾ ಚೀಲದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ, 266 ರೂಪಾಯಿ ಚಿಲ್ಲರೆಗೆ. ಜೀವಾಮೃತವನ್ನು ಊರೂರಿಗೆ ಹಬ್ಬಿಸಿದ ಸುಭಾಷ್ ಪಾಳೇಕರರೂ ಅದನ್ನು ಗೊಬ್ಬರ ಅನ್ನುವುದಿಲ್ಲ, ಜೀವಿಗಳನ್ನು ಎಬ್ಬಿಸುವ ಸಾಧನ ಅನ್ನುತ್ತಾರೆ. ನಮ್ಮ ಅಡುಗೆಮನೆ ಭಾಷೆಯಲ್ಲಿ ಅದು ಹೆಪ್ಪು. ಒಂದು ಚಮಚ ಹೆಪ್ಪು ಪಾತ್ರೆ ಹಾಲನ್ನು ಮೊಸರು ಮಾಡುತ್ತದೆ, ನಿಜ. ಪಾತ್ರೆಯಲ್ಲಿ ಹಾಲೇ ಇಲ್ಲದಿದ್ದರೆ ನಾಲ್ಕು ಸಲ ಹೆಪ್ಪು ಹಾಕಿ ಏನು ಬಂತು?

ನಿಮ್ಮ ಹೊಲದ ಹಾಲು ಎಲ್ಲಿ ಹೋಯಿತು ಅಂತ ನನಗಿಂತ ನಿಮ್ಮ ಅಪ್ಪನಿಗೆ ಗೊತ್ತು. ಎತ್ತು ಮಾರಿದ್ದು ಯಾವಾಗ ಅಂತ ಅವರನ್ನು ಕೇಳಿ. ಒಂದು ನಾಟಿ ಹಸು ದಿನಕ್ಕೆ ಸುಮಾರು ಹತ್ತು ಕೆ.ಜಿ. ಸಗಣಿ ಹಾಕುತ್ತದೆ. ಕೊಟ್ಟಿಗೆಯಲ್ಲಿ ನಾಲ್ಕು ರಾಸು ಇದ್ದ ಕಾಲದಲ್ಲಿ ವರ್ಷಕ್ಕೆ ಎಷ್ಟು ಗಾಡಿ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು, ಈಗ ಎಷ್ಟು ಹೋಗುತ್ತಿದೆ? ಎತ್ತು ಮಾರಿದ ಮನೆಯಲ್ಲಿ ತಿಪ್ಪೆ ಸಣ್ಣದಾಗುತ್ತದೆ, ತಿಪ್ಪೆ ಸಣ್ಣದಾದ ಮನೆಗೆ ಯೂರಿಯಾ ಚೀಲ ಹೆಚ್ಚು ಬರುತ್ತದೆ. ಇದಕ್ಕೆ ಯಾರ ದುರ್ಬುದ್ಧಿಯೂ ಕಾರಣವಲ್ಲ. ಮಕ್ಕಳು ಓದಲು ಪೇಟೆಗೆ ಹೋದರೆ ರಾಸು ಮೇಯಿಸುವವರು ಯಾರು?

ಈಗ ಮನಸ್ಸಿನ ಕಡೆ ಬರುತ್ತೇನೆ. ನೀವು "ಮಣ್ಣಿನ ಜೊತೆ ಕನೆಕ್ಟ್" ಅಂದಿದ್ದೀರಿ. ಹೇಳುವ ಮಾತು ಸ್ವಲ್ಪ ಒರಟಾದರೆ ಕ್ಷಮಿಸಿ. ಆ ಹೊಲದ ಜೊತೆ ಐವತ್ತು ವರ್ಷದಿಂದ ಒಬ್ಬರಿಗೆ ಸಂಬಂಧ ಇದೆ. ನೀವು ಆ ಸಂಬಂಧದ ಒಳಗೆ ಹೋಗಲಿಲ್ಲ, ಅದನ್ನು ಬದಿಗೆ ಸರಿಸಿ ನೇರವಾಗಿ ಮಣ್ಣಿನ ಹತ್ತಿರ ಮಾತಾಡಲು ಹೋದಿರಿ. ವಿಡಿಯೋದಲ್ಲಿ ಬರುವ ಮಣ್ಣಿಗೆ ಯಜಮಾನ ಇರುವುದಿಲ್ಲ, ಸೊಸೈಟಿ ಸಾಲವೂ ಇರುವುದಿಲ್ಲ.

ನಿಮ್ಮ ಅಪ್ಪ ಮೇಟಿ ಹಿಡಿದದ್ದು ಹೆಚ್ಚುಕಡಿಮೆ 1970ರ ದಶಕದ ನಡುವೆ ಅಲ್ಲವೇ? ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ಕಾಲ ಅದು. ಆ ಬೀಜದ ಜೊತೆಗೇ ಯೂರಿಯಾ ಬಂತು. ಮಳೆ ಕೈಕೊಟ್ಟರೆ ಮುದ್ದೆಗೂ ತತ್ವಾರ ಅನ್ನುವಂಥ ಮನೆಗಳಲ್ಲಿ ಮೊದಲ ಸಲ ಕಣದ ರಾಶಿ ಎತ್ತರ ಆಯಿತು. ನಿಮ್ಮ ಅಪ್ಪನ ಪಾಲಿಗೆ ಆ ಬಿಳಿ ಹರಳು ವಿಷ ಅಲ್ಲ, ಮರ್ಯಾದೆ. ನಿಮ್ಮ ಕಾಲೇಜಿನ ಫೀಜೂ ಅದರಿಂದಲೇ ಬಂದಿರಬಹುದು. ಅಂಥದ್ದನ್ನು ಮಗಳು ಬಂದು "ನೀನು ಭೂಮಿ ಕೊಂದೆ" ಅನ್ನುವ ಧಾಟಿಯಲ್ಲಿ ನಿಲ್ಲಿಸಿದರೆ ಮನುಷ್ಯ ಏನು ಮಾಡುತ್ತಾನೆ? ಊಟ ಆಯ್ತಾ ಅಂತ ಕೇಳಿ ಫೋನ್ ಅಮ್ಮನಿಗೆ ಕೊಡುತ್ತಾನೆ.

ನಾನೂ ಇದೇ ತಪ್ಪು ಮಾಡಿದವಳು. ಇಪ್ಪತ್ತೈದರ ಉತ್ಸಾಹದಲ್ಲಿ ನಮ್ಮಪ್ಪನಿಗೆ ತೇಜಸ್ವಿಯವರ 'ಸಹಜ ಕೃಷಿ' ತಂದುಕೊಟ್ಟೆ. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದರು. ಬೆಳಗ್ಗೆ ಕನ್ನಡಕ ತೆಗೆದು, "ಚೆನ್ನಾಗಿ ಬರೆದವ್ರೆ. ಆ ಮಹಾರಾಯರಿಗೆ ಕಾಫಿ ತೋಟ ಐತೆ, ನಂಗೆ ಸಾಲ ಐತೆ" ಅಂದರು. ನಾನು ಮುನಿಸಿಕೊಂಡೆ. ಅದು ನಿರಾಕರಣೆಯಲ್ಲ, "ತಪ್ಪಾದರೆ ತಡಕೊಳ್ಳೋರು ಯಾರು" ಅನ್ನುವ ಪ್ರಶ್ನೆ ಅಂತ ಅರ್ಥವಾಗುವ ಹೊತ್ತಿಗೆ ಕೇಳಲು ಅವರೇ ಇರಲಿಲ್ಲ. ನಿಮಗೆ ಇನ್ನೂ ಸಮಯ ಇದೆ.

ಒಂದು ದೇಶವೇ ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಮುಗ್ಗರಿಸಿತು. 2021ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಲ್ಲಿಸುವುದಾಗಿ ಘೋಷಿಸಿತು. ರೈತರು ಬೀದಿಗಿಳಿದು, ನವೆಂಬರ್ ಹೊತ್ತಿಗೆ ನಿಷೇಧ ಸಡಿಲಿಸಬೇಕಾಯಿತು, ಆದರೂ ಭತ್ತದ ಇಳುವರಿ ಕುಸಿಯಿತು. ನಿಮ್ಮ ಎರಡು ಎಕರೆಯಲ್ಲಿ ಆದದ್ದೂ ಅದೇ ಕಥೆ. ಒಂದು ವ್ಯತ್ಯಾಸ ಏನೆಂದರೆ, ನಿಮ್ಮ ಮನೆಯಲ್ಲಿ ಬೀದಿಗಿಳಿಯುವವರು ಯಾರೂ ಇರಲಿಲ್ಲ.

ಹಾಗಾದರೆ ನಂಬಿದ್ದೇ ಸುಳ್ಳಾ ಅಂತ ಕೇಳಿದ್ದೀರಿ. ಸುಳ್ಳಲ್ಲ. ಸೋತ ಭೂಮಿಗೆ ಸತ್ವ ಬರಿಸಬಹುದು, ಅದು ಹೊಸ ಮಾತೂ ಅಲ್ಲ. ರೀಜನರೇಟಿವ್ ಅನ್ನುವ ಹೆಸರನ್ನು 1980ರ ದಶಕದಲ್ಲಿ ಚಾಲ್ತಿಗೆ ತಂದವರು ಅಮೆರಿಕದ ರಾಬರ್ಟ್ ರೊಡೇಲ್. ಅವರ ತಂದೆ ಕಲಿತದ್ದು ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿಯ ಬರಹದಿಂದ. ಹೋವರ್ಡ್ ಕಾಂಪೋಸ್ಟ್ ಪದ್ಧತಿ ರೂಪಿಸಿದ್ದು ನಮ್ಮ ಇಂದೋರಿನಲ್ಲಿ, ಇಲ್ಲಿನ ರೈತರನ್ನು ನೋಡಿ ಕಲಿತು. ಅಲ್ಲಿಂದ ಇಲ್ಲಿಗೆ ವಿಡಿಯೋ ಆಗಿ ವಾಪಸ್ ಬಂದ ಸರಕು ಇದು. ಅಪ್ಪನ ಹತ್ತಿರ ಮಾತಾಡುವಾಗ ಆ ಇಂಗ್ಲಿಷ್ ಹೆಸರು ಬಿಡಿ. "ಸತ್ವ ಬರಿಸೋದು" ಅನ್ನಿ ಸಾಕು.

ಅದಕ್ಕೂ ಮೊದಲು, ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಈಗ ಹೊಲ ಒಣಗಿದೆ, ಕಾಲ ಸರಿಯಾಗಿದೆ. ಬೇಲಿಯ ಹೊಂಗೆ ಮರದ ಬುಡದಲ್ಲಿ, ನೇಗಿಲೂ ರೋಟವೇಟರೂ ತಾಗದ ಕಡೆ, ನೆಲ್ಲಿಕಾಯಿ ಗಾತ್ರದ ಒಣ ಹೆಂಟೆ ಒಂದು ತೆಗೆಯಿರಿ. ರಾಗಿ ಹೊಲದ ನಡುವಿನಿಂದ ಅಷ್ಟೇ ಗಾತ್ರದ್ದು ಇನ್ನೊಂದು. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ ಜಗಲಿಯ ಮೇಲೆ ಇಡಿ. ಅಪ್ಪ ಅಲ್ಲೇ ಕೂತಿರಲಿ, ಕರೆಯುವುದೇನೂ ಬೇಡ. ಹೆಂಟೆಗಳನ್ನು ಟೀ ಸೋಸುವ ಜರಡಿಯಲ್ಲಿ ಇಟ್ಟು ಮೆಲ್ಲಗೆ ಮುಳುಗಿಸಿ ಐದು ನಿಮಿಷ ಸುಮ್ಮನೆ ನೋಡಿ.

ಹೊಲದ ಹೆಂಟೆಯಿಂದ ಗುಳುಗುಳು ಗುಳ್ಳೆ ಏಳುತ್ತದೆ. ಅಂಚು ಕುಸಿಯುತ್ತದೆ, ಆಮೇಲೆ ನಡು ಬಿರಿಯುತ್ತದೆ, ನೋಡುತ್ತಿದ್ದಂತೆ ಪುಡಿಪುಡಿಯಾಗಿ ತಳಕ್ಕೆ ಇಳಿದು ನೀರು ಕೆಂಪು ರಾಡಿ. ಹೊಂಗೆ ಬುಡದ ಹೆಂಟೆ ನೀರು ಕುಡಿದು ಕಪ್ಪಗಾಗಿ, ಬಹುಮಟ್ಟಿಗೆ ಇಡಿಯಾಗಿ ಕೂತಿರುತ್ತದೆ. ಎರಡೂ ಒಂದೇ ಸರ್ವೆ ನಂಬರಿನ ಮಣ್ಣು. ಒಂದರಲ್ಲಿ ಬೇರು, ಶಿಲೀಂಧ್ರದ ನೂಲು, ಜೀವಿಗಳ ಅಂಟು ಕಣಗಳನ್ನು ಕಟ್ಟಿ ಹಿಡಿದಿವೆ. ಇನ್ನೊಂದರಲ್ಲಿ ಆ ಕಟ್ಟು ಬಿಚ್ಚಿಹೋಗಿದೆ.

ಮಳೆ ಬಿದ್ದಾಗ ಇಡೀ ಹೊಲಕ್ಕೆ ಆಗುವುದೂ ಇದೇ. ಕರಗಿದ ಮಣ್ಣು ರಂಧ್ರಗಳನ್ನೆಲ್ಲ ಮುಚ್ಚಿ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ, ನೀರು ಇಂಗದೆ ಹಳ್ಳಕ್ಕೆ ಓಡುತ್ತದೆ. ಒಂದು ಅಂಗುಲ ಮಳೆ ಅಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು. ಬೋರ್‌ವೆಲ್ ಬತ್ತಿದ ಊರಿನಲ್ಲಿ ಈ ಒಂದು ಲಕ್ಷದ ಮಾತು ಅಪ್ಪನ ಕಿವಿಗೆ ಬೀಳದೆ ಇರುವುದಿಲ್ಲ. ಲೋಟ ನೋಡಿ ಅವರು ಏನಂದರು ಅನ್ನುವುದನ್ನು ಮಾತ್ರ ಕೇಳಿಸಿಕೊಳ್ಳಿ. ನಿಮ್ಮ ವ್ಯಾಖ್ಯಾನ ಬೇಡ. ಪೂರ್ತಿ ಮರಳು ಭೂಮಿಯಾದರೆ ಈ ಪರೀಕ್ಷೆ ಸರಿಬರದು, ನಿಮ್ಮ ಕೆಂಪು ಗೋಡಿಗೆ ಬರುತ್ತದೆ.

ಇನ್ನು ಹೊಲ. ಎರಡೂ ಎಕರೆ ಬೇಡ, ಅರ್ಧ ಎಕರೆ ಕೇಳಿ. ಕೇಳಿ ಅಂದೆ, ತೆಗೆದುಕೊಳ್ಳಿ ಅನ್ನಲಿಲ್ಲ. ಯಾವ ಅರ್ಧ ಅನ್ನುವುದನ್ನು ಅವರೇ ತೋರಿಸಲಿ. ತೀರಾ ಸೋತ ಮೂಲೆ ತೋರಿಸಿದರೂ ಬೇಸರ ಬೇಡ. ಉಳಿದ ಒಂದೂವರೆ ಎಕರೆಗೆ ಅವರ ಯೂರಿಯಾ, ಅವರ ಡಿಎಪಿ. ಅದರ ಬಗ್ಗೆ ನೀವು ತುಟಿ ಬಿಚ್ಚಬಾರದು.

ಅರ್ಧ ಎಕರೆಗೆ ಮುಂಗಾರು ಪೂರ್ವದ ಮಳೆಗೆ ಹೆಸರು ಅಥವಾ ಅಲಸಂದೆ ಬಿತ್ತಿ. ಇದು ನಿಮ್ಮ ಸೀಮೆಗೆ ಹೊಸದಲ್ಲ, ಮುಂಗಾರು ಹೆಸರು ತೆಗೆದು ರಾಗಿ ಹಾಕುವುದು ಅಪ್ಪನಿಗೆ ಗೊತ್ತಿರುವ ಕೆಲಸ. ಕಾಯಿ ಬಿಡಿಸಿಕೊಂಡು ಬಳ್ಳಿಯನ್ನು ಹಸಿಯಾಗಿಯೇ ಮಣ್ಣಿಗೆ ಸೇರಿಸಿ. ಬಳ್ಳಿ ಹೂವಿನಲ್ಲಿರುವಾಗ ಒಂದು ಗಿಡ ಮಣ್ಣು ಸಮೇತ ಕಿತ್ತು ಬೇರು ನೋಡಿ, ಸಾಸಿವೆ, ಮೆಣಸಿನ ಕಾಳಿನಷ್ಟು ಗಂಟುಗಳಿರುತ್ತವೆ. ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು ಇರಬೇಕು. ಇದ್ದರೆ ಗಾಳಿಯ ಸಾರಜನಕ ಬೇರಿಗೆ ಇಳಿಯುತ್ತಿದೆ ಅಂತ ಅರ್ಥ. ಬೆಳ್ಳಗೋ ಬೂದು ಬಣ್ಣವಾಗಿಯೋ ಇದ್ದರೆ ಕೆಲಸ ನಡೆದಿಲ್ಲ, ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕಾಯಿಯ ಆಸೆ ಬೇಡ, ಗೊಬ್ಬರವೇ ಸಾಕು ಅನ್ನುವುದಾದರೆ ಸೆಣಬು ಚೆಲ್ಲಿ ಹೂವಾಡುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಉತ್ತುಬಿಡಬಹುದು. ಇದರ ಜೊತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದೂವರೆ ಟನ್. ಇದು ಹಾಲು. ಇಷ್ಟಾದ ಮೇಲೆ ನಿಮ್ಮ ಹೆಪ್ಪು ಧಾರಾಳವಾಗಿ ಹಾಕಿ.

ಆದರೂ ಮೊದಲ ವರ್ಷ ಪೈರು ಬಣ್ಣಗೆಟ್ಟರೆ ಕಾಲು ಪಾಲು ಯೂರಿಯಾ ಕೊಡಲು ಹಿಂಜರಿಯಬೇಡಿ. ಶಿಬಿರದಲ್ಲಿ ಕೇಳಿದವರಿಗೆ ಇದು ಮಡಿ ಕೆಟ್ಟ ಹಾಗೆ ಕಾಣಬಹುದು. ನನಗೆ ಮಡಿಗಿಂತ ರಾಗಿ ಮುಖ್ಯ.

ರಾಗಿಯನ್ನು ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿಸಿ, ಎಡೆಕುಂಟೆ ಆಡಿದರೆ ಕಳೆನಾಶಕದ ಮಾತೇ ಬರುವುದಿಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ. ಇನ್ನುಳಿದ ಅಕ್ಕಡಿಗೆ, ಅಂದರೆ ಅವರೆ, ಹುಚ್ಚೆಳ್ಳು, ಜೋಳ, ಅಂಚಿಗೆ ಹರಳು ಇವಕ್ಕೆಲ್ಲ, ನೀವು ಕೇಳಬೇಕಾದವರು ಬೇರೆ ಇದ್ದಾರೆ.

ಅವರ ಬಗ್ಗೆ ನಿಮ್ಮ ಪತ್ರದಲ್ಲಿ ಇರುವುದು ಮೂರೇ ಪದ: ಅಮ್ಮ ಏನೂ ಹೇಳುವುದಿಲ್ಲ. ನೀವೇನಾದರೂ ಕೇಳಿದ್ದೀರಾ? ಅಕ್ಕಡಿ ಸಾಲು ನಮ್ಮ ಕಡೆ ಹೆಂಗಸರ ಲೆಕ್ಕ. ರಾಗಿ ಗಂಡಸರ ಕಣಕ್ಕೆ ಹೋಗುತ್ತಿತ್ತು. ಅವರೆ, ಅಲಸಂದೆ, ಹುಚ್ಚೆಳ್ಳು ಅಡುಗೆಮನೆಯ ಮಡಕೆಗೆ ಬರುತ್ತಿದ್ದವು. ಯಾವ ಬೀಜಕ್ಕೆ ಬೂದಿ ಬೆರೆಸಬೇಕು, ಯಾವುದಕ್ಕೆ ಬೇವಿನ ಸೊಪ್ಪು, ಯಾವುದನ್ನು ಅಮಾವಾಸ್ಯೆ ಬಿಸಿಲಿಗೆ ಹಾಕಬೇಕು ಅಂತ ಇಟ್ಟುಕೊಂಡವರು ಅವರು. ಕಳೆನಾಶಕ ಹೊಲಕ್ಕೆ ಬಂದ ವರ್ಷ ಅಕ್ಕಡಿ ಹೋಯಿತು, ಯಾಕೆಂದರೆ ರಾಗಿಗೆ ಹೊಡೆದ ಔಷಧಿಗೆ ಅವರೆ ಗಿಡ ಕಳೆಯೇ. ಅಮ್ಮ ಸುಮ್ಮನಾದದ್ದು ಆಗಿನಿಂದಲೋ ಏನೋ. ಇದು ನನ್ನ ಊಹೆ, ತಪ್ಪಿದ್ದರೂ ಇರಬಹುದು. ಆದರೆ ನಿಮ್ಮ ಮನೆಯಲ್ಲಿ ಭೂಮಿಯ ಬಗ್ಗೆ ಎರಡು ತಲೆಗಳಲ್ಲಿ ತಿಳಿವಳಿಕೆ ಇದೆ, ನೀವು ಜಗಳ ಆಡಿದ್ದು ಒಂದರ ಜೊತೆ ಮಾತ್ರ.

ತೆಂಗಿನ ತೋಟಕ್ಕೆ ಸದ್ಯ ಒಂದೇ ಮಾತು. ಗರಿ, ಸಿಪ್ಪೆ ಸುಡುವುದನ್ನು ನಿಲ್ಲಿಸಿ. ಮರದಿಂದ ಮೂರು ಮೀಟರ್ ದೂರದಲ್ಲಿ ಎರಡು ಸಾಲಿನ ನಡುವೆ ಕಾಲುವೆ ತೆಗೆಸಿ, ಸಿಪ್ಪೆಯನ್ನು ಅಂಗಾತ ಜೋಡಿಸಿ ಪದರಕ್ಕೊಂದು ಪದರ ಮಣ್ಣು ಮುಚ್ಚಿಸಿ. ಐದಾರು ವರ್ಷ ತೇವ ಹಿಡಿದಿಡುತ್ತದೆ. ಇದಕ್ಕೆ ಅಪ್ಪನ ವಿರೋಧ ಬರಲಾರದು, ಇದರಲ್ಲಿ ಅವರದ್ದು ಏನೋ ತಪ್ಪು ಅಂದ ಹಾಗಾಗುವುದಿಲ್ಲ.

ಕೆಲಸ ಬಿಡಲಾ ಅಂದಿರಿ. ಬಿಡಬೇಡಿ. ನಾಲ್ಕು ಎಕರೆಯ ಮೇಲೆ ನಿಮ್ಮ ಸಂಬಳದ ಭಾರ ಹೊರಿಸಿದರೆ ಎರಡನೇ ವರ್ಷಕ್ಕೆ ನೀವೇ ಯೂರಿಯಾ ಸಾಲಿನಲ್ಲಿ ನಿಂತಿರುತ್ತೀರಿ. ಮಣ್ಣು ಸಾವಕಾಶದ್ದು. ಎಕರೆಗೆ ಅರ್ಧ ಅಡಿ ಆಳದ ಮಣ್ಣು ತೂಗಿದರೆ ಸುಮಾರು ಒಂಬತ್ತು ಲಕ್ಷ ಕೆ.ಜಿ. ಅದರಲ್ಲಿ ಸಾವಯವ ಇಂಗಾಲ ಶೇ. 0.1 ಏರಬೇಕಾದರೆ 900 ಕೆ.ಜಿ. ಇಂಗಾಲ ಅಲ್ಲಿ ನಿಲ್ಲಬೇಕು. ಹಾಕಿದ್ದರಲ್ಲಿ ಬಹುಪಾಲು ನಮ್ಮ ಬಿಸಿಲಿಗೆ ಗಾಳಿಗೆ ಹೋಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಇಂಗಾಲದ ಅಂಕಿ ಬರೆದಿಟ್ಟುಕೊಳ್ಳಿ. ಶೇ. 0.5ರ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ, ನಿಮ್ಮ ಹೊಲದ್ದು ಅದಕ್ಕೂ ಕೆಳಗೆ ಬಂದರೆ ಗಾಬರಿ ಬೀಳಬೇಡಿ. ಮೂರು ವರ್ಷ ಬಿಟ್ಟು ಮತ್ತೆ ನೋಡಿ. ಕೆಲಸ ಬಿಡುವ ಮಾತು ಆಗ ಆಡೋಣ. ಅಲ್ಲಿಯವರೆಗೆ ಮನೆಯಿಂದ ಮಾಡುವ ಮೂರು ದಿನವನ್ನು ತಿಂಗಳಿಗೆ ಎರಡು ವಾರ ಅರಸೀಕೆರೆಯಿಂದ ಮಾಡಿದರೆ ಯಾರು ಬೇಡ ಅನ್ನುತ್ತಾರೆ?

ನಿಮ್ಮ ಯಜಮಾನರ ಮಾತು ಕಟುವಾಯಿತು, ಆದರೆ ಅದರಲ್ಲಿ ಐದು ಕ್ವಿಂಟಾಲ್ ಸತ್ಯ ಇದೆ. ಎಕರೆಗೆ ಕಡಿಮೆಯಾದ ಆ ಐದೈದು ಕ್ವಿಂಟಾಲ್ ರಾಗಿಯ ದುಡ್ಡನ್ನು ನಿಮ್ಮ ಸಂಬಳದಿಂದ ಅಪ್ಪನ ಖಾತೆಗೆ ಹಾಕಿ. ಪ್ರಾಯಶ್ಚಿತ್ತ ಅಂತಲ್ಲ, ಪ್ರಯೋಗ ನಿಮ್ಮದು, ನಷ್ಟವೂ ನಿಮ್ಮದು ಅಂತ. ಅವರು ಬೇಡ ಅನ್ನುತ್ತಾರೆ. ಹಾಕಿ.

ತಮ್ಮನ ಮಾರಾಟದ ವಿಷಯವನ್ನು ಇದರ ಜೊತೆ ಬೆರೆಸಬೇಡಿ. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ದೇಶಕ್ಕೆಲ್ಲ ಕಾನೂನಿದೆ. ಪಹಣಿ ತೆಗೆಸಿ, ವಕೀಲರೊಬ್ಬರಿಗೆ ತೋರಿಸಿ ನಿಮ್ಮ ಸ್ಥಾನ ತಿಳಿದುಕೊಂಡು ಸುಮ್ಮನಿರಿ. ಅಪ್ಪನ ಮುಂದೆ ಪಾಲಿನ ಮಾತೂ ಗೊಬ್ಬರದ ಮಾತೂ ಒಂದೇ ದಿನ ಬಂದರೆ ಗೊಬ್ಬರದ ಮಾತು ಯಾರಿಗೂ ಕೇಳುವುದಿಲ್ಲ.

ಭರಣಿ ಮಳೆ ಏಪ್ರಿಲ್ ಕೊನೆಗೆ ಹುಟ್ಟುತ್ತದೆ. ಅಷ್ಟರೊಳಗೆ ಗೊಬ್ಬರ ಹೊಲ ಸೇರಿರಬೇಕು. ಅಲಸಂದೆ ಬೀಜವನ್ನು ಪೇಟೆಯಲ್ಲಿ ಕೊಳ್ಳುವ ಮೊದಲು ಅಮ್ಮನ ಅಟ್ಟದ ಮೇಲೆ ಹಳೆಯ ಮಡಕೆ ಏನಾದರೂ ಉಳಿದಿದೆಯೇ ನೋಡಿ. ಸಿಕ್ಕರೆ ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಎಷ್ಟು ಮೊಳೆಯುತ್ತವೆ ಅಂತ ಎಣಿಸಿ ನನಗೆ ಬರೆಯಿರಿ.